ಬೆಟಗೇರಿಯಲ್ಲಿ ನಡೆದ ಟೂಲ್‌ಬಾರ್ ಸಂಹಾರ

ದೇವತೆಗಳು ಮಂತ್ರಕ್ಕೆ ಒಲಿಯುತ್ತಿದ್ದ ಯುಗ ಸಂದುಹೋಗಿ ಪಾಸ್‌ವರ್ಡಿಗೆ ಮಾತ್ರ ಒಲಿಯುವ ಯುಗ ಬಂದಿರಲು, ಋಷಿಗಳ ಹರಕೆಯ ಜಾಗದಲ್ಲಿ ಮುಂಜಾನೆಯ ಗುಲಾಬಿ ಚಿತ್ರಗಳು ಮೊಬೈಲಿನಿಂದ ಮೊಬೈಲಿಗೆ ಹಾರುತ್ತಿರಲು, ಓದದೆಯೇ ಒಪ್ಪಿಗೆ ಕೊಡುವುದು ಮನುಷ್ಯಕುಲದ ನಿತ್ಯಕರ್ಮವಾಗಿರಲು, ಮಗ್ಗಗಳ ಲಟಕಟ ಸದ್ದಿನಿಂದ ಬೆಳಗು ಮಾಡಿಕೊಳ್ಳುವ ಬೆಟಗೇರಿಯೆಂಬ ಪುರದ ಹೊಸ ಬಡಾವಣೆಯಲ್ಲಿ, ಮೂರನೆಯ ಅಡ್ಡರಸ್ತೆಯ ಹಸಿರು ಗೇಟಿನ ಮನೆಯಲ್ಲಿ ಒಬ್ಬ ಮಹಾಪುರುಷನಿದ್ದನು. ಎಲೈ ವಾಗ್ದೇವಿಯೇ, ಆತನ ಪರಾಕ್ರಮವನ್ನು ಹಾಡಲು ಹೊರಟಿರುವ ಈ ಬಡವನ ನಾಲಗೆಯ ಮೇಲೆ ಒಂದು ಗಳಿಗೆ ಬಂದು ಕೂರು. ಕೂತ ಮೇಲೆ ಮಾತ್ರ ದಯವಿಟ್ಟು ಯಾವ ಗುಂಡಿಯನ್ನೂ ಒತ್ತಬೇಡ.

ಆತನ ಹೆಸರು ಅಂದಾನಪ್ಪ ಮುಳಗುಂದ. ಗದಗಿನ ಬಸ್‌ನಿಲ್ದಾಣದಲ್ಲಿ ಮೂವತ್ತೊಂದು ವರ್ಷ ಟ್ರಾಫಿಕ್ ಕಂಟ್ರೋಲರನಾಗಿ ಮೈಕಿನ ಮುಂದೆ ಕುಳಿತು, ಧೂಳಿಧೂಸರಿತ-ವಾಹನ-ಸಹಸ್ರ-ಶಾಸಕನೆಂದೂ, ಚಾಲಕ-ನಿರ್ವಾಹಕ-ಗರ್ವ-ಪರ್ವತ-ವಜ್ರಾಯುಧನೆಂದೂ, ರೋಣ-ನರಗುಂದ-ಶಿರಹಟ್ಟಿ-ಮುಂಡರಗಿ-ಮಾರ್ಗ-ಚತುಷ್ಟಯ-ಚಕ್ರವರ್ತಿಯೆಂದೂ ಬಿರುದುಗಳನ್ನು ಧರಿಸಿದ್ದವನು. ಈ ಬಿರುದುಗಳನ್ನು ಬೇರೆ ಯಾರೂ ಕೊಟ್ಟಿರಲಿಲ್ಲ ಎಂಬುದು ನಿಜ. ಆದರೆ ಆತನಿಗೆ ಅವೆಲ್ಲ ಬಾಯಿಪಾಠವಾಗಿದ್ದವು. ಅವನು ‘ಪ್ರಯಾಣಿಕರ ಗಮನಕ್ಕೆ’ ಎಂದು ಗುಡುಗಿದರೆ ಶೇಂಗಾ ತಿನ್ನುತ್ತಿದ್ದವರ ದವಡೆ ನಿಲ್ಲುತ್ತಿತ್ತು, ಅಳುವ ಕೂಸು ತೆಪ್ಪಗಾಗುತ್ತಿತ್ತು, ಸೀಟಿಗೆ ಟವೆಲ್ ಎಸೆಯಲು ಎತ್ತಿದ ಕೈ ಗಾಳಿಯಲ್ಲೇ ಉಳಿಯುತ್ತಿತ್ತು. ನಿವೃತ್ತನಾಗಿ ಈಗ ಆರು ವರ್ಷ. ಅವನ ಘೋಷಣೆಗೆ ಮನೆಯಲ್ಲಿ ಮರುದನಿ ಕೊಡುತ್ತಿದ್ದದ್ದು ಕುಕ್ಕರು ಮಾತ್ರ.

ಆತನ ಧರ್ಮಪತ್ನಿ ನೀಲಗಂಗೆ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಪಿಯುಸಿ ಪುಸ್ತಕಗಳನ್ನು ತವರಿನ ಅಟ್ಟಕ್ಕೆ ಏರಿಸಿ ಮದುವೆಯಾಗಿ ಬಂದವಳು. ಗಂಡ ಸೇವೆಯಿಂದ ಇಳಿದ ವರ್ಷವೇ, ‘ನೀವಿನ್ನ ಮನ್ಯಾಗ ಇರ್ತೀರಿ, ಬಾಗಿಲ ಕಾಯಾಕ ಒಬ್ಬರಾತು’ ಎಂದು ಹೇಳಿ, ಮುಕ್ತ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಿದಳು. ಬಿ.ಎ. ಮುಗಿಸಿದಳು. ಈಗ ಐವತ್ತೊಂಬತ್ತನೆಯ ವಯಸ್ಸಿನಲ್ಲಿ ಇತಿಹಾಸದ ಎಂ.ಎ.ಗೆ ಕೊನೆಯ ಪ್ರಬಂಧ ಬರೆದಿದ್ದಳು: ‘ಲಕ್ಕುಂಡಿಯ ಬಾವಿಗಳು ಮತ್ತು ನೀರು ಸೇದಿದ ಹೆಂಗಸರು’. ಹನ್ನೊಂದು ಸಲ ಬಸ್ಸು ಹತ್ತಿ ಹೋಗಿ, ಬಾವಿಯ ಮೆಟ್ಟಿಲು ಮೆಟ್ಟಿಲು ಇಳಿದು, ಮುದುಕಿಯರನ್ನು ಮಾತಾಡಿಸಿ, ಒಂದೇ ಬೆರಳಿನಲ್ಲಿ ಎರಡು ತಿಂಗಳು ಕುಟ್ಟಿದ ನಲವತ್ತೆರಡು ಪುಟ. ಅದು ಪಡಸಾಲೆಯ ಕಂಪ್ಯೂಟರಿನ ಹೊಟ್ಟೆಯೊಳಗಿತ್ತು. ಗುರುವಾರ ಸಂಜೆ ಐದು ಗಂಟೆಯೊಳಗೆ ಅದನ್ನು ಇಂಟರ್‌ನೆಟ್ ಮೂಲಕ ಕಳಿಸಬೇಕು. ತಪ್ಪಿದರೆ ಇಡೀ ವರ್ಷ ತಪ್ಪಿದಂತೆ.

ಇನ್ನು ಪಾಪದ ಮೂಲವನ್ನು ಹೇಳಲೇಬೇಕು. ನಾಯಕನೆಂದು ಮುಚ್ಚಿಡುವುದು ಧರ್ಮವಲ್ಲ.

ಹಿಂದಿನ ಭಾನುವಾರ ನೀಲಗಂಗೆ ತರಗತಿಗೆಂದು ಹುಬ್ಬಳ್ಳಿಗೆ ಹೋಗಿದ್ದಳು. ಮನೆ ಬಿಕೋ ಎನ್ನುತ್ತಿತ್ತು. ಅಂದಾನಪ್ಪನು ಕಂಪ್ಯೂಟರಿನ ಮುಂದೆ ಕುಳಿತು ಅಲ್ಲಿ ಇಲ್ಲಿ ಅಲೆಯುತ್ತಿರುವಾಗ ಒಂದು ಕೆಂಪು ಬಸ್ಸು ಕಣ್ಣಿಗೆ ಬಿತ್ತು. ‘ಘಾಟ್ ರೋಡ್ ಬಸ್ ಚಾಲಕ. ಸಂಪೂರ್ಣ ಉಚಿತ ಆಟ.’ ಮೂವತ್ತೊಂದು ವರ್ಷ ಬಸ್ಸುಗಳಿಗೆ ಹೋಗು ಬಾ ಎಂದವನು ಒಂದು ದಿನವೂ ಸ್ಟೇರಿಂಗ್ ಹಿಡಿದವನಲ್ಲ. ಒತ್ತಿದನು. ಯಂತ್ರವು ಒಂಬತ್ತು ಸಲ, ಒಂಬತ್ತು ಪುಟ ಸಣ್ಣಕ್ಷರಗಳನ್ನು ತೋರಿಸಿ, ‘ಮುಂದೆ?’ ಎಂದು ಕೇಳಿತು. ಜನರನ್ನು ‘ಮುಂದ ನಡೀರಿ, ಮುಂದ ನಡೀರಿ’ ಎಂದು ತಳ್ಳಿ ರೂಢಿಯಾದ ಆ ಕೈ ಒಂಬತ್ತು ಸಲವೂ ‘ಮುಂದೆ’ ಎಂದೇ ಒತ್ತಿತು. ಏಳನೆಯ ‘ಮುಂದೆ’ಯಲ್ಲಿ, ಬಸ್ಸಿನ ಟಾಪಿನ ಮೇಲೆ ಟಿಕೀಟಿಲ್ಲದೆ ಕುಳಿತವನಂತೆ, ರಾಕ್ಷಸನು ಒಳಗೆ ಬಂದನು. ಅಂದಾನಪ್ಪನು ಅದನ್ನು ಗಮನಿಸಲಿಲ್ಲ. ಅವನು ಆಗಲೇ ಮೂರನೆಯ ತಿರುವಿನಲ್ಲಿ ಹಾರನ್ ಹೊಡೆಯುತ್ತಿದ್ದನು.

ಗುರುವಾರ ಮಧ್ಯಾಹ್ನ ಎರಡು ಗಂಟೆಗೆ ನೀಲಗಂಗೆ ಊಟದ ಕೈ ತೊಳೆದು, ಸೆರಗಿಗೆ ಒರೆಸಿಕೊಂಡು, ಕಂಪ್ಯೂಟರಿನ ಮುಂದೆ ಕುಳಿತಳು. ಒಂದು ನಿಮಿಷದಲ್ಲಿ ಅವಳ ಧ್ವನಿ ಬಂತು.

“ಅಲ್ರಿ, ಇಲ್ಲಿ ಬರ್ರಿ. ನಾ ಯೂನಿವರ್ಸಿಟಿದು ಹೊಡದ್ರ ಲಾಟ್ರಿ ಬರಾಕತ್ತೈತಿ. ಇದೇನಿದು ಮ್ಯಾಲ, ಪರದಿ ಕಟ್ಟಿದಂಗ?”

ಅಂದಾನಪ್ಪನು ಬಂದು ನೋಡಿದನು. ನೋಡಿ ಒಳಗೊಳಗೇ ಕುಸಿದನು. ಪರದೆಯ ಮೂರನೆಯ ಒಂದು ಪಾಲನ್ನು ಕಬಳಿಸಿ, ಹಳದಿ ನಗೆಮೊಗಗಳ ಹಲ್ಲು ಕಿರಿಯುತ್ತ, ನೇರಳೆ ಗಿಳಿಯೊಂದನ್ನು ಕುಣಿಸುತ್ತ, ಅದೃಷ್ಟದ ಚಕ್ರವೊಂದನ್ನು ಗರಗರ ತಿರುಗಿಸುತ್ತ ಒಂದು ಪಟ್ಟಿ ಅಡ್ಡ ಮಲಗಿತ್ತು. ಅದರ ನಾಮಧೇಯ ‘ಮೆಗಾ ಖುಷಿ ಟೂಲ್‌ಬಾರ್’. ಭಾನುವಾರ ಅದನ್ನು ಕಂಡಿದ್ದರೂ ಆಟದ ಜೊತೆ ಬಂದ ಅಲಂಕಾರವೆಂದು ಅವನು ಸುಮ್ಮನಿದ್ದನು.

“ಯಾರೋ ಹೊರಗಿನವರು ಒಳಗ ಹೊಕ್ಕಾರ,” ಎಂದನು.

“ಹೊರಗಿನವರು ಹೆಂಗ ಬರ್ತಾರ? ಮನ್ಯಾಗ ನಾವಿಬ್ಬರ ಅದೀವಿ.”

“ಇಂಟರ್‌ನೆಟ್ ಅಂದ್ರ ಬಸ್‌ಸ್ಟ್ಯಾಂಡ್ ಇದ್ದಂಗ, ನೀಲಾ. ಯಾರು ಎಲ್ಲಿ ಹತ್ತತಾರ, ಎಲ್ಲಿ ಇಳೀತಾರ, ದೇವರಿಗೇ ಗೊತ್ತು.”

“ಅದನ್ನ ತಗದು ಹಾಕಾಕ ಬರ್ತೈತೇನು ನೋಡ್ತೀನಿ, ತಡೀರಿ.”

ತೆಗೆದುಹಾಕಲು ಹೋದರೆ ಎಲ್ಲಿ ಆ ಕೆಂಪು ಬಸ್ಸು ಬೆಳಕಿಗೆ ಬಂದೀತೋ ಎಂಬ ಭೀತಿಯು ವೀರನ ಎದೆಯಲ್ಲಿ ಮಿಂಚಿತು. ಭೀತಿಯು ಗಂಡಸಿನ ಎದೆಯಲ್ಲಿ ಹೆಚ್ಚು ಹೊತ್ತು ಭೀತಿಯಾಗಿ ಇರುವುದಿಲ್ಲವಷ್ಟೆ. ಗಂಟಲಿಗೆ ಬರುವಷ್ಟರಲ್ಲಿ ಅದು ಶೌರ್ಯವಾಗಿರುತ್ತದೆ. ಅವನು ನೆಟ್ಟಗೆ ನಿಂತು, ಬನಿಯನ್ನನ್ನು ಕೆಳಕ್ಕೆಳೆದುಕೊಂಡು, ಪ್ರಳಯಕಾಲದ ಮೇಘವು ಸಹ್ಯಾದ್ರಿಯ ನೆತ್ತಿಯಲ್ಲಿ ಮೊಳಗುವಂತೆ ಮೊಳಗಿದನು:

“ಏಳು, ನೀಲಾ! ಇದು ಹೆಂಗಸರ ಕೆಲಸ ಅಲ್ಲ. ಲಗ್ನದ ಸೀಸನ್ನಿನ್ಯಾಗ ನಾಕುನೂರು ಬಸ್ಸು ಒಂದ ಬಾಯಿಲೆ ಹೊಂಡಿಸೀನಿ. ಬ್ರೇಕ್ ಫೇಲಾದ ಗಾಡಿ ಪ್ಲಾಟ್‌ಫಾರ್ಮಿಗೆ ನುಗ್ಗಿದಾಗೂ ಮೈಕ್ ಬಿಟ್ಟು ಎದ್ದಿಲ್ಲ. ಈ ಬಣ್ಣದ ಪಟ್ಟಿಗೆ ನಾ ಅಂಜಲೇನು? ಇವತ್ತ ಇದರ ಹುಟ್ಟಡಗಿಸಲಿಲ್ಲಂದ್ರ ನಾ ಅಂದಾನಪ್ಪ ಅಲ್ಲ!”

“ಅಷ್ಟೆಲ್ಲಾ ಬ್ಯಾಡ್ರಿ. ಪೆನ್‌ಡ್ರೈವಿನ್ಯಾಗ ಹಾಕ್ಕೊಂಡು ಸ್ಟೇಷನ್ ರೋಡಿನ ಸೈಬರಿಗೆ ಹೋಗಿ ಕಳಿಸಿ ಬರ್ತೀನಿ.”

“ಶತ್ರುವಿಗೆ ಮನಿ ಬಿಟ್ಟುಕೊಟ್ಟು ಸೈಬರಿಗೆ ಓಡೂದಾ? ಮ್ಯಾಲ ಆ ಪೆನ್‌ಡ್ರೈವಿಗೂ ರೋಗ ಹತ್ತತೈತಿ. ನಿನ್ನ ಬಾವಿ ಎಲ್ಲಾ ಕೆಡ್ತಾವು.”

ಬಾವಿಗಳ ಮಾತು ಬಂದಕೂಡಲೇ ಅವಳು ಗೋಡೆಯ ಗಡಿಯಾರ ನೋಡಿದಳು. “ನಾಕರ ತನಕ ನೋಡ್ತೀನಿ,” ಎಂದು ಕುರ್ಚಿ ಬಿಟ್ಟುಕೊಟ್ಟು ಒಳಗೆ ಹೋದಳು. ಆ ಮಾತಿನಲ್ಲಿ ಗುಡುಗಿರಲಿಲ್ಲ. ಆದರೂ ಅಂದಾನಪ್ಪನು ಗಡಿಯಾರವನ್ನು ಎರಡು ಸಲ ನೋಡಿದನು.

ಯುದ್ಧ ಮೊದಲಾಯಿತು. ವೀರನು ಮೂಷಿಕವನ್ನು, ಅಂದರೆ ಮೌಸನ್ನು, ಬಲಗೈಯಲ್ಲಿ ಹಿಡಿದು, ಪಟ್ಟಿಯ ತುದಿಯ ಗುಣಾಕಾರ ಚಿಹ್ನೆಗೆ ಗುರಿಯಿಟ್ಟು ಹೊಡೆದನು. ಪಟ್ಟಿ ಅಲುಗಲಿಲ್ಲ, ಬದಲಿಗೆ ಒಂದು ಕಿಟಕಿ ಚಿಮ್ಮಿ ಬಂದು, ‘ಅಭಿನಂದನೆ! ನೀವು ಹತ್ತು ಲಕ್ಷನೆಯ ಅತಿಥಿ!’ ಎಂದಿತು. ಅದನ್ನು ಕೊಂದನು. ಅದರ ಹೆಣದಿಂದ ಎರಡು ಎದ್ದವು: ಒಂದು ಬೋಳುತಲೆಗೆ ಹದಿನೈದು ದಿನದಲ್ಲಿ ಕೇಶರಾಶಿ ಕೊಡುವೆನೆಂದು ಆಣೆ ಇಟ್ಟಿತು, ಇನ್ನೊಂದು ಹೊಟ್ಟೆ ಕರಗಿಸುವೆನೆಂದಿತು. ಎರಡೂ ತನ್ನನ್ನೇ ನೋಡಿ ಹೇಳಿದಂತಾಗಿ ಅವನ ಕೋಪ ಇಮ್ಮಡಿಸಿತು. ರಕ್ತಬೀಜಾಸುರನ ಒಂದೊಂದು ಹನಿಗೆ ಒಬ್ಬೊಬ್ಬ ಅಸುರ ಹುಟ್ಟಿದಂತೆ, ಆತನ ಒಂದೊಂದು ಒತ್ತಿಗೆ ನಾಲ್ಕು ನಾಲ್ಕು ಕಿಟಕಿಗಳು ಹುಟ್ಟತೊಡಗಿದವು. ಅಷ್ಟರಲ್ಲಿ ತುಟಿಗೆ ಬಣ್ಣ ಬಳಿದ ಒಬ್ಬಳು ಪರದೆಯ ಮೂಲೆಯಿಂದ ಇಣುಕಿ, ‘ನಿಮ್ಮ ಸಮೀಪದಲ್ಲೇ ಇರುವ ಪ್ರಿಯಾ ನಿಮಗಾಗಿ ಕಾಯುತ್ತಿದ್ದಾಳೆ’ ಎಂದಳು. ಅಂದಾನಪ್ಪನು ಅಡುಗೆಮನೆಯ ಕಡೆಗೊಮ್ಮೆ ನೋಡಿ, ಎರಡೂ ಅಂಗೈಗಳಿಂದ ಪ್ರಿಯಾಳನ್ನು ಮುಚ್ಚಿ ಹಿಡಿದನು. ಕೈ ಎರಡೂ ಅಲ್ಲಿ ಸಿಕ್ಕಿಕೊಂಡಿದ್ದರಿಂದ ಯುದ್ಧವು ಸ್ವಲ್ಪ ಹೊತ್ತು ನಿಂತಿತು.

ಆ ನಡುವೆ ಪರದೆಯೆಲ್ಲ ರಕ್ತವರ್ಣವಾಗಿ ಸೈರನ್ ಕೂಗಿತು. ‘ನಿಮ್ಮ ಗಣಕದಲ್ಲಿ 1,417 ವೈರಸ್‌ಗಳಿವೆ! ಈ ಕೂಡಲೇ ಕೆಳಗಿನ ಸಂಖ್ಯೆಗೆ ಕರೆ ಮಾಡಿ!’ ತಾನು ಬದುಕಿಡೀ ಇನ್ನೊಬ್ಬರ ಕಿವಿಗೆ ಮಾಡಿದ್ದನ್ನು ತನ್ನ ಕಿವಿಗೆ ಯಾರೋ ಮಾಡುತ್ತಿರುವುದು ಅವನಿಗೆ ಅದೇ ಮೊದಲು. ಗಾಬರಿಗೊಂಡು ಗೋಡೆಯ ಸ್ವಿಚ್ಚಿಗೆ ಹಾರಿ ವಿದ್ಯುತ್ತನ್ನೇ ಕತ್ತರಿಸಿದನು. ನಿಶ್ಶಬ್ದ. ಜಯ! ಹತ್ತು ನಿಮಿಷ ಬಿಟ್ಟು ಮತ್ತೆ ಹಚ್ಚಿದಾಗ ನೇರಳೆ ಗಿಳಿಯು ಒಳ್ಳೆಯ ನಿದ್ದೆ ಮಾಡಿ ಎದ್ದಂತೆ ಇನ್ನೂ ಚುರುಕಾಗಿ ಕುಣಿಯಿತು.

ಸೈರನ್ನಿನ ಸದ್ದಿಗೆ ಎದುರುಮನೆಯ ರಾಚೋಟೆಪ್ಪನು ಬಂದನು. ಅವನೂ ಸಾಮಾನ್ಯನಲ್ಲ: ಪಶು ಆಸ್ಪತ್ರೆಯ ನಿವೃತ್ತ ಕಂಪೌಂಡರು, ವೃಷಭ-ಮಹಿಷ-ಜ್ವರ-ಧ್ವಂಸಕ, ಕೆಚ್ಚಲ-ಬಾವು-ಕುಲ-ಕಾಲಾಂತಕ. ಬಂದವನೇ ಕಂಪ್ಯೂಟರಿನ ಬೆನ್ನ ಮೇಲೆ ಅಂಗೈ ಇಟ್ಟನು.

“ಮೈ ಬಿಸಿ ಐತಿ,” ಎಂದನು.

“ವೈರಸ್ ಅಂತ, ರಾಚೋಟೆಪ್ಪ. ಸಾವಿರದ ನಾಕುನೂರಾ ಹದಿನೇಳು.”

“ವೈರಸ್ಸಿನ ವಿಷಯ ನನ್ನ ಮುಂದ ಹೇಳಬ್ಯಾಡ, ಅಂದಾನಪ್ಪಣ್ಣ! ಕಾಲುಬಾಯಿ ಬ್ಯಾನಿ ಬಂದ ವರ್ಷ ಮುಂಡರಗಿ ತಾಲೂಕಿನ್ಯಾಗ ಆರು ಸಾವಿರ ದನಕ್ಕ ಸೂಜಿ ಹಾಕೀನಿ. ಒದ್ದಾವು, ಹಾಯ್ದಾವು, ಹೊಲದ ತುಂಬ ಅಟ್ಟಿಸಿಕೊಂಡು ಹೋಗ್ಯಾವು. ಹಿಂದಕ್ಕ ಸರದಿಲ್ಲ! ಈ ಡಬ್ಬಿ ಯಾವ ಲೆಕ್ಕ?”

“ಹಂಗಾರ ಏನು ಔಷಧ?”

ರಾಚೋಟೆಪ್ಪನು ಆಚೀಚೆ ನೋಡಿ, ದಿವ್ಯಾಸ್ತ್ರದ ಹೆಸರನ್ನು ಉಪದೇಶಿಸುವ ಗುರುವಿನಂತೆ ಕಿವಿಯಲ್ಲಿ ಹೇಳಿದನು: “ಫಾರ್ಮ್ಯಾಟ್.”

ಮನೆಗೆ ಓಡಿ ಒಂದು ಡಿಸ್ಕ್ ತಂದನು. ಹಳೆಯ ಮದುವೆಯ ಕರೆಯೋಲೆಯ ಲಕೋಟೆಯಲ್ಲಿ ಅದು ಮಲಗಿತ್ತು. “ನಮ್ಮ ಅಳಿಯಂದು ಹಿಂಗ ಆಗಿತ್ತು. ಇದನ್ನ ಹಾಕಿ ಒಂದ ಏಟು ಹೊಡದೆ,” ಎಂದನು.

“ವೈರಸ್ ಹೋತೇನು?”

“ಹೋತು.”

“ಉಳದದ್ದು?”

“ಅದೂ ಹೋತು.”

ಕಂಪ್ಯೂಟರನ್ನು ಮತ್ತೆ ಆರಿಸಿ, ಡಿಸ್ಕನ್ನು ಅದರ ಬಾಯಿಗೆ ಉಣಿಸಿ, ಮತ್ತೆ ಹಚ್ಚಿದರು. ಗಿಳಿಯಿಲ್ಲ, ಚಕ್ರವಿಲ್ಲ, ಅಮಾವಾಸ್ಯೆಯಂಥ ಕಪ್ಪು ಪರದೆ. ಅದರ ನಡುವೆ ಬಿಳಿ ಅಕ್ಷರಗಳು: ಈ ಗಣಕದಲ್ಲಿರುವ ಸಮಸ್ತವೂ ಅಳಿಸಿಹೋಗುತ್ತದೆ. ಮುಂದುವರಿಯಲು ಎಂಟರ್ ಒತ್ತಿ. ಹೊತ್ತು ನಾಲ್ಕು ದಾಟಿತ್ತು.

“ಒತ್ತು,” ಎಂದನು ರಾಚೋಟೆಪ್ಪ. “ದನ ಒದರ್ತೈತಂತ ಸೂಜಿ ಹಿಡದು ನಿಂದ್ರಬಾರದು.”

ಅಂದಾನಪ್ಪನ ತೋರುಬೆರಳು ಎಂಟರ್ ಕೀಲಿಯ ಮೇಲೆ ನಿಂತಿತು. ಸಮಸ್ತವೂ ಅಳಿಸಿಹೋಗುತ್ತದೆ! ಟೂಲ್‌ಬಾರ್ ಹೋಗುತ್ತದೆ. ಪ್ರಿಯಾ ಹೋಗುತ್ತಾಳೆ. ಕೆಂಪು ಬಸ್ಸು ಹೋಗುತ್ತದೆ. ಅದರ ಸಂಗಡ ಭಾನುವಾರದ ಆ ಒಂಬತ್ತು ‘ಮುಂದೆ’ಗಳ ಗುರುತೂ ಹೋಗುತ್ತದೆ. ‘ಯಾರೋ ಹೊರಗಿನವರು’ ಎಂಬ ಮಾತು ಲೋಕದಲ್ಲಿ ನಿತ್ಯಸತ್ಯವಾಗಿ ಉಳಿಯುತ್ತದೆ. ಮತ್ತು ನಲವತ್ತೆರಡು ಪುಟ ಬಾವಿಗಳು? ಅದಕ್ಕೊಂದು ಸಮಾಧಾನವೂ ಸಿದ್ಧವಾಗಿ ನಾಲಗೆಯ ತುದಿಗೆ ಬಂದು ನಿಂತಿತ್ತು: ‘ವೈರಸ್ ತಿಂದುಹಾಕಿತು, ನೀಲಾ. ನಾ ಏನ್ ಮಾಡ್ಲಿ?’ ನೋಡಿ, ಎಷ್ಟು ಚೊಕ್ಕ! ಅನ್ಯರ ಎರಡು ತಿಂಗಳನ್ನು ಸುಟ್ಟು ತನ್ನ ಮೀಸೆಯನ್ನು ಉಳಿಸಿಕೊಳ್ಳುವ ಇಂಥ ಅವಕಾಶ ಬಂದಾಗ ಕೈಬಿಟ್ಟ ವೀರರು ಇತಿಹಾಸದಲ್ಲಿ ಎಷ್ಟು ಜನ?

ಬೆರಳು ಒಂದು ಕೂದಲೆಳೆಯಷ್ಟು ಇಳಿಯಿತು.

“ಅಲ್ಲೇನ ಬರದೈತ್ರಿ?”

ನೀಲಗಂಗೆ ಎರಡು ತಟ್ಟೆ ಮಂಡಕ್ಕಿ ಗಿರ್ಮಿಟ್ ಹಿಡಿದು ಹಿಂದೆ ನಿಂತಿದ್ದಳು. ಕಪ್ಪು ಪರದೆಯನ್ನು ಅವಳು ಎರಡು ಸಲ ಓದಿದಳು. ಅವಳ ಮುಖದ ಬಣ್ಣ ಇಳಿದದ್ದನ್ನು ಅಂದಾನಪ್ಪನು ನೋಡಿದನು.

“ಎಲ್ಲಾ ಅಂದ್ರ… ನನ್ನ ಬಾವಿನೂ?”

ಬ್ರೇಕ್ ಫೇಲಾದ ಬಸ್ಸಿಗೆ ಹೆದರದ ಅಂದಾನಪ್ಪನು ಆ ಎರಡು ಪದ ಬೀಳುತ್ತಲೇ ಬೆರಳನ್ನು ಮೇಲಕ್ಕೆತ್ತಿದನು. ಧರ್ಮವು ಹೃದಯದಲ್ಲಿ ಉದಯಿಸಿ ಎತ್ತಿದನೋ, ಗಿರ್ಮಿಟ್ ತಟ್ಟೆ ಹಿಡಿಯಲು ಕೈ ಬೇಕಾಗಿ ಎತ್ತಿದನೋ, ಇದನ್ನು ಹಾಡುವವನು ತೀರ್ಮಾನಿಸಲಾರ. ಎತ್ತಿದ್ದು ನಿಜ.

“ಡಿಸ್ಕ್ ಹೊರಗ ತಗೀರಿ,” ಎಂದಳು ಅವಳು. “ರಾಚೋಟೆಪ್ಪಣ್ಣಾರ, ನೀವು ಕಟ್ಟಿ ಮ್ಯಾಲ ಕುಂತು ತಿನ್ರಿ. ಮೆತ್ತಗಾಗ್ತೈತಿ.”

ಆರು ಸಾವಿರ ದನಗಳಿಗೆ ಜಗ್ಗದ ರಾಚೋಟೆಪ್ಪನು ತಟ್ಟೆ ಹಿಡಿದು ಹೊರಗೆ ನಡೆದನು. ಅಂದಾನಪ್ಪನು ಹೋಗಲಿಲ್ಲ. ಬಾಗಿಲ ತೋಳಿಗೆ ಒರಗಿ, ತಟ್ಟೆಯನ್ನು ಎದೆಗೆ ಒತ್ತಿಕೊಂಡು, ತೀರ್ಪು ಕೇಳುವವನಂತೆ ನಿಂತನು.

ಆಹಾ, ಇನ್ನು ಆ ಘೋರ ಸಂಗ್ರಾಮದ ಅಂತಿಮ ಪರ್ವವನ್ನು ಹೇಗೆ ಬಣ್ಣಿಸಲಿ! ಉಪಮೆಗಳು ಸಾಲಾಗಿ ನಿಂತು ಕಾಯುತ್ತಿದ್ದವು. ಅವಕ್ಕೆ ಹೊತ್ತೇ ಸಿಗಲಿಲ್ಲ. ನೀಲಗಂಗೆ ಕನ್ನಡಕ ಏರಿಸಿಕೊಂಡಳು. ಡಿಸ್ಕಿಲ್ಲದೆ ಕಂಪ್ಯೂಟರನ್ನು ಮತ್ತೆ ಹಚ್ಚಿದಳು. ಒಂದು ಕಡೆ ಒತ್ತಿದಳು. ಕಂಪ್ಯೂಟರಿನಲ್ಲಿ ಹಾಕಿರುವುದರ ಪಟ್ಟಿಯೊಂದು ಉದ್ದಕ್ಕೆ ಬಿಚ್ಚಿಕೊಂಡಿತು. ಹೆಸರು, ಗಾತ್ರ, ಹಾಕಿದ ತಾರೀಖು. ಅಕ್ಕಿಯಲ್ಲಿ ಕಲ್ಲು ಹುಡುಕುವಂತೆ ಬೆರಳಿಟ್ಟು ಕೆಳಗಿಳಿದಳು. ಬೆರಳು ನಿಂತಿತು.

“ಮೆಗಾ ಖುಷಿ. ಹೋದ ಐತವಾರ, ಹನ್ನೊಂದನೇ ತಾರೀಖು,” ಎಂದು ಓದಿದಳು. ಅದರ ಕೆಳಗಿನ ಸಾಲನ್ನೂ ಓದಿದಳು. “ಘಾಟ್ ರೋಡ್ ಬಸ್ ಚಾಲಕ. ಅದೂ ಹನ್ನೊಂದನೇ ತಾರೀಖು.”

“ಐತವಾರ ನಾ ಹುಬ್ಬಳ್ಳಿಗೆ ಹೋಗಿದ್ದೆ,” ಎಂದಳು, ತಿರುಗಿ ನೋಡದೆ.

“ಹೂಂ,” ಎಂದನು ಚಕ್ರವರ್ತಿ.

“ಹೊರಗಿನವರು ಬಂದು ಬಸ್ ಹೊಡದು ಹೋದ್ರೇನು?”

ವೀರನು ತಟ್ಟೆಯ ಗಿರ್ಮಿಟ್ ಕೆದಕಿದನು. ಅವಳೇ ಕೇಳಿದಳು, “ಚಲೋ ಐತೇನು ಆಟ?”

ಇಂಥ ಅಸ್ತ್ರವನ್ನು ಅವನು ನಿರೀಕ್ಷಿಸಿರಲಿಲ್ಲ. ಇಡೀ ನಿಲ್ದಾಣಕ್ಕೆ ಕೇಳುತ್ತಿದ್ದ ಆ ಧ್ವನಿ ಈಗ ಬಾಗಿಲಿನಿಂದ ಕುರ್ಚಿಯವರೆಗೆ ಕಷ್ಟದಿಂದ ಹೋಯಿತು: “ಐದನೇ ತಿರುವಿನ್ಯಾಗ ಯಾವಾಗ್ಲೂ ಕೆಳಗ ಬೀಳ್ತೈತಿ.”

“ಹಾರನ್ ಹೊಡ್ಯೂದು ಬಿಟ್ಟು ಬ್ರೇಕ್ ಹಾಕ್ರಿ,” ಎಂದಳು ನೀಲಗಂಗೆ. “ಇದನ್ನೂ ತಗೀಲೇನು?”

“ಅದು… ಏನೂ ಮಾಡಂಗಿಲ್ಲ. ಇರವಲ್ದ್ಯಾಕ.”

ಅವಳು ಆ ಸಾಲನ್ನು ಮುಟ್ಟಲಿಲ್ಲ. ಮೇಲಿನ ಸಾಲಿನ ಮೇಲೆ ಒತ್ತಿದಳು. ರಾಕ್ಷಸನು ಕೊನೆಯ ಮಾಯೆ ಬೀಸಿದನು: ಗಿಳಿಯು ಕಣ್ಣೀರು ಸುರಿಸುತ್ತ, ‘ನಿಜವಾಗಿಯೂ ನಮ್ಮನ್ನು ಬಿಟ್ಟುಹೋಗುವಿರಾ?’ ಎಂದಿತು. ಕೆಳಗೆ ಅಂಗೈಯಗಲದ ಹಸಿರು ಗುಂಡಿ: ‘ಇಲ್ಲ, ಖುಷಿಯಾಗಿಯೇ ಇರುವೆ!’ ಅದರ ಅಡಿಯಲ್ಲಿ, ಇರುವೆಯ ಕಾಲಿನಷ್ಟು ಬೂದುಬಣ್ಣದ ಅಕ್ಷರ: ‘ತೆಗೆದುಹಾಕು’. ನಲವತ್ತು ವರ್ಷ ಸಂಸಾರ ಮಾಡಿದವಳಿಗೆ ಅಳುವವರನ್ನು ನೋಡಿ ಗೊತ್ತಿತ್ತು, ಸಣ್ಣಕ್ಷರ ಓದಿಯೂ ಗೊತ್ತಿತ್ತು. ಬೂದು ಅಕ್ಷರವನ್ನು ಒತ್ತಿದಳು. ಆಮೇಲೆ ಬ್ರೌಸರಿನೊಳಗೆ ಹೋಗಿ ಅಲ್ಲಿ ಅವಿತಿದ್ದ ಅದರ ತುಂಡೊಂದನ್ನೂ ತೆಗೆದಳು. ಮತ್ತೊಂದು ಸಲ ಆರಿಸಿ ಹಚ್ಚಿದಳು. ಗಿಳಿಯಿಲ್ಲ, ಚಕ್ರವಿಲ್ಲ, ಪ್ರಿಯಾ ಇಲ್ಲ. ಎಲ್ಲಾ ಸೇರಿ ಹೆಚ್ಚೆಂದರೆ ಏಳು ನಿಮಿಷ. ಅದರಲ್ಲಿ ಮೂರು ನಿಮಿಷ ಕಂಪ್ಯೂಟರಿನ ಆಕಳಿಕೆಗೆ ಹೋಗಿದ್ದವು.

ನಾಲ್ಕು ಗಂಟೆ ಮೂವತ್ತೆಂಟು ನಿಮಿಷಕ್ಕೆ ಲಕ್ಕುಂಡಿಯ ಬಾವಿಗಳು ಗದಗ ಸೀಮೆ ಬಿಟ್ಟು ಹೊರಟವು. ‘ನಿಮ್ಮ ಪ್ರಬಂಧ ಸ್ವೀಕೃತವಾಗಿದೆ’ ಎಂಬ ಸಾಲು ಬಂದಾಗ ನೀಲಗಂಗೆ ಕನ್ನಡಕ ತೆಗೆದು ಕಣ್ಣೊರೆಸಿಕೊಂಡಳು. ಅಂದಾನಪ್ಪನಿಗೆ ಏನಾದರೂ ಹೇಳಬೇಕೆನಿಸಿತು. ‘ತಪ್ಪಾತು’ ಎಂಬುದು ಮೂರೇ ಅಕ್ಷರದ ಮಾತು. ಅವನ ಮೂವತ್ತೊಂದು ವರ್ಷದ ಘೋಷಣೆಗಳ ಪುಸ್ತಕದಲ್ಲಿ ಅದು ಎಲ್ಲಿಯೂ ಇರಲಿಲ್ಲ.

ಕಟ್ಟೆಯ ಮೇಲಿನಿಂದ ರಾಚೋಟೆಪ್ಪನ ಧ್ವನಿ ಬೀದಿಗೆಲ್ಲ ಕೇಳುವಂತೆ ಬಂತು: “ನಾ ಹೇಳಿದ್ದಿಲ್ಲೇನು? ಡಿಸ್ಕ್ ನೋಡಿದ ಕೂಡ್ಲೆ ಅಂಜಿ ಓಡಿತು! ಅಂದಾನಪ್ಪಣ್ಣ ಮತ್ತ ನಾ, ಇಬ್ಬರೂ ಕೂಡಿ ಅದನ್ನ ಮುಗಿಸಿಬಿಟ್ವಿ!”

ಬೇರೆ ದಿನವಾಗಿದ್ದರೆ ಅಂದಾನಪ್ಪನು ಹೊರಗೆ ಹೋಗಿ ಅದಕ್ಕೆ ದನಿ ಸೇರಿಸುತ್ತಿದ್ದನು. ಇಂದು ಬಾಗಿಲು ದಾಟಲಿಲ್ಲ. ಪರದೆಯ ಮೂಲೆಯಲ್ಲಿ ಕಂಪ್ಯೂಟರು ತನ್ನ ಲೆಕ್ಕ ಒಪ್ಪಿಸುತ್ತಿತ್ತು. ಎರಡೂವರೆ ಗಂಟೆಗಳ ಆ ಮಹಾಸಂಗ್ರಾಮ, ಸಾವಿರದ ನಾನೂರ ಹದಿನೇಳು ವೈರಿಗಳು, ಇಬ್ಬರು ವೀರರ ಭೀಕರ ಪ್ರತಿಜ್ಞೆಗಳು, ಇವೆಲ್ಲದರ ಫಲವಾಗಿ ಇಳಿದ ಭೂಭಾರ: ನಾಲ್ಕು ಎಂಬಿ. ಒಂದು ಹಾಡು ಹಿಡಿಸುವಷ್ಟು ಜಾಗ.

ನೀಲಗಂಗೆ ಒಳಗಿನಿಂದ ಒಂದು ಮೊರ ತಂದು ಅವನ ಮುಂದಿಟ್ಟಳು. ಅದರಲ್ಲಿ ಎರಡು ಸಿವುಡು ಮೆಂತ್ಯೆ ಪಲ್ಯೆ.

“ಎಲಿ ಅಷ್ಟ ಬಿಡಿಸ್ರಿ. ದಂಟು ಬ್ಯಾಡ,” ಎಂದಳು.

ಧೂಳಿಧೂಸರಿತ-ವಾಹನ-ಸಹಸ್ರ-ಶಾಸಕನು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು, ಒಂದು ಮಾತೂ ಆಡದೆ, ಬಿಡಿಸತೊಡಗಿದನು. ರಾತ್ರಿಯ ಪಲ್ಯದಲ್ಲಿ ಅರ್ಧ ದಂಟೇ ಇತ್ತು.